ಪಾಸಾಗುವವರೆಗೆ ಪರೀಕ್ಷೆ

ಚನ್ನಗಿರಿ, 14 ಜುಲೈ 2025
ಎಲ್ಲರೂ ನಾಳೆ ಸೊಕ್ಕೆ ಊರಿನಲ್ಲಿ ರೈತರಿಗೆ ಆ್ಯಪ್ ಕೊಡುವ ಕಾರ್ಯಕ್ರಮದ ತಯಾರಿಗೆ ಹೋಗಿದ್ದಾರೆ. ಆಫೀಸಿನಲ್ಲಿ ನಾನೊಬ್ಬಳೇ.

ಮಾನ್ಯ ಗುರುಬಸವರಾಜ್ ಅವರಿಗೆ,

ಬೋರ್‌ವೆಲ್ ಮೋಟಾರನ್ನು ಮೊಬೈಲಿನಿಂದ ನಿಲ್ಲಿಸುವ ನಮ್ಮ ಆ್ಯಪ್ ಇವತ್ತಿನ ಸ್ವಯಂಚಾಲಿತ ಪರೀಕ್ಷೆಯಲ್ಲಿ ಎರಡು ಸಲ ಫೇಲಾಯಿತು. ಪರದೆಯ ಮೇಲೆ ‘ಆಫ್’ ಎಂದು ಬಂದಿತ್ತು, ಮೋಟಾರಿಗೆ ಕರೆಂಟು ಹರಿಯುತ್ತಲೇ ಇತ್ತು. ಮೂರನೇ ಸಲ ಪಾಸಾಯಿತು. ಮೊದಲೆರಡು ಫಲಿತಾಂಶಗಳನ್ನು ನೀವು ದಾಖಲೆಯಿಂದ ಅಳಿಸಿದಿರಿ. “ಪಾಸಾಗಿದ್ದನ್ನ ಬರಿಯಮ್ಮ ಹೇಮಾವತಿ. ಫೇಲಾಗಿದ್ದು ನೋಡಾಕೆ ರೈತರಿಗೆ ಟೈಮ್ ಎಲ್ಲೈತೆ?” ಎಂದಿರಿ.

ಜ್ವರ ಇಳಿಯುವವರೆಗೆ ಥರ್ಮಾಮೀಟರ್ ಇಡುತ್ತಲೇ ಹೋಗಿ, ಕೊನೆಯ ಅಂಕಿಯನ್ನಷ್ಟೇ ಬರೆಯುವ ಡಾಕ್ಟರ ಬಳಿಗೆ ನೀವಂತೂ ಹೋಗುವವರಲ್ಲ. ಸೊಕ್ಕೆಯವರಿಗೆ ಅಂಥ ಡಾಕ್ಟರೇ ಸಾಕೆಂದು ನಿಮ್ಮ ಅಂದಾಜು. ಅಲ್ಲಿನ ರೈತ ಉಚ್ಚಂಗೆಪ್ಪನವರು ಫೋನಿನಲ್ಲಿ, “ಆಫ್ ಅಂತ ಬಂದ್ರೆ ವೈರಿಗೆ ಕೈ ಹಾಕಬೌದೇನ್ರಿ ಸಾರ್?” ಎಂದು ಕೇಳಿದಾಗ ನೀವು, “ಧೈರ್ಯವಾಗಿ ಹಾಕ್ರಿ” ಎಂದಿದ್ದನ್ನು ನಾನು ಪಕ್ಕದಲ್ಲೇ ಕೂತು ಕೇಳಿದೆ.

ಪರೀಕ್ಷಾ ವರದಿಯ ಕೆಳಗೆ ಪರೀಕ್ಷಿಸಿದವಳೆಂದು ಹಾಕಿರುವ ನನ್ನ ಹೆಸರನ್ನು ದಯವಿಟ್ಟು ತೆಗೆಯಿರಿ. ಅಳಿಸುವ ಕೆಲಸ ನಿಮಗೆ ಹೊಸದಲ್ಲ.

ನೀವು ಅಳಿಸಿದ ಫಲಿತಾಂಶಗಳ ಪ್ರತಿ ನನ್ನಲ್ಲಿದೆ. ನಾಳೆ ಬೆಳಿಗ್ಗೆ ಜಗಳೂರು ಬಸ್ಸು ಹತ್ತಿ, ನಿಮ್ಮ ಭಾಷಣಕ್ಕೆ ಮೊದಲೇ ಸೊಕ್ಕೆಯಲ್ಲಿ ಸೇರಿದವರ ಮುಂದೆ ಅವನ್ನು ಓದುವುದೆಂದು ತೀರ್ಮಾನಿಸಿದ್ದೇನೆ.

ಇಷ್ಟೇ,
ಹೇಮಾವತಿ