ತಿರುಗಿಸಿದ ಕೈ

ಮಾರ್ಚ್ ೧೪, ಶನಿವಾರ, ಬೆಳಿಗ್ಗೆ

ನನ್ನ ಪುಟ್ಟಿಗೆ,

ಕ್ಷೇಮ ಎಂದು ಬರೆಯೋಣವೆಂದರೆ ಬಲಗೈ ಬೆರಳುಗಳ ಊತ ಇನ್ನೂ ಇಳಿದಿಲ್ಲ. ನಿನ್ನ ಗಂಡನ ದವಡೆ ಬಲು ಗಟ್ಟಿ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಇಂಥ ಕಾಗದವನ್ನು ‘ಐ ಬೆಗ್ ಟು ಸ್ಟೇಟ್ ದಟ್’ ಎಂದು ಶುರು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ‘ದಟ್’ ಆದಮೇಲೆ ಏನು ಬರುತ್ತದೆಂದು ಮರೆತಿದ್ದೇನೆ. ನಿಮ್ಮಮ್ಮ ಇದ್ದಿದ್ದರೆ ಮೊದಲು ತಪ್ಪಾಯಿತು ಅಂತ ಬರಿ, ಇಂಗ್ಲಿಷು ಆಮೇಲೆ ಅನ್ನುತ್ತಿದ್ದಳು. ತಪ್ಪಾಯಿತು.

ಭಾನುವಾರ ನೀವಿಬ್ಬರೂ ಬಂದಾಗ ನನಗೆ ಖುಷಿಯೇ ಆಗಿತ್ತು. ಹೆರಿಗೆಗೆ ಹದಿನೆಂಟೇ ದಿನ ಉಳಿದಿತ್ತು. ಅಳಿಯ ಮೇಜಿನ ಮೇಲೆ ಆ ಟೆನ್ಸ್ ಯಂತ್ರ ಇಟ್ಟ. ಅಂಗೈಯಗಲದ ಡಬ್ಬಿ, ನಾಲ್ಕು ಪಟ್ಟಿ. ಬೆನ್ನಿಗೆ ಅಂಟಿಸಿಕೊಂಡರೆ ಸಣ್ಣ ಕರೆಂಟು ಹರಿದು ಹೆರಿಗೆ ನೋವು ಮಂಕಾಗುತ್ತದೆ ಎಂದು ವಿವರಿಸಿದ. ನೀನು ಕೇಳಿದೆ: “ಅಪ್ಪಾ, ಜೀವನವಿಡೀ ಕರೆಂಟಿನ ಜೊತೆ ಕಳೆದೋನು ನೀನು. ಹಾಕ್ಕೊಳ್ಳಲಾ, ಬೇಡ್ವಾ? ನೀನು ಹೇಳಿದ ಹಾಗೆ.” ನಾನು ಉತ್ತರ ಹೇಳುವಷ್ಟರಲ್ಲಿ ಅವನು ನಿನ್ನ ಬೆನ್ನಿಗೆ ಪಟ್ಟಿ ಅಂಟಿಸಿ ಗುಂಡಿ ತಿರುಗಿಸಿದ. ನೀನು ‘ಆಯ್’ ಅಂದು ನಕ್ಕೆ.

ನಗು ನನಗೆ ಕೇಳಿಸಲಿಲ್ಲ, ‘ಆಯ್’ ಮಾತ್ರ ಕೇಳಿಸಿತು. ಅವನ ದವಡೆಗೆ ಗುದ್ದಿದೆ. ಬಿದ್ದವನಿಗೆ ಒದ್ದೆ. ಡಬ್ಬಿಯನ್ನು ಗೋಡೆಗೆ ಬಡಿದು, ಚಪ್ಪಲಿ ಕಾಲಲ್ಲಿ ಹೊಸಕಿ ಹಾಕಿದೆ. ಅಡ್ಡ ಬಂದ ನಿನ್ನನ್ನೂ ತಳ್ಳಿದೆ. ಮೇಜಿನ ಅಂಚು ನಿನ್ನ ಸೊಂಟಕ್ಕೆ ಬಡಿದ ಸದ್ದು ಈಗಲೂ ಕಿವಿಯಲ್ಲಿದೆ. ಬಾಗಿಲಲ್ಲಿ ನಿಂತು ನೀನು ಹೇಳಿದೆ, “ನನ್ನ ಮಗು ಈ ಮನೆ ಮೆಟ್ಟಿಲು ಹತ್ತಲ್ಲ. ನೀನು ಆಸ್ಪತ್ರೆ ಹತ್ರ ಸುಳಿಯಲೂ ಬೇಡ.”

ಏಕೆ ಹಾಗೆ ಮಾಡಿದೆ ಎಂದು ಹೇಳದಿದ್ದರೆ ನಿನಗೆ ನಾನು ಬರೀ ಹುಚ್ಚನಾಗಿ ಉಳಿಯುತ್ತೇನೆ.

ನಾನು ಮೋಟಾರಿಗೆ ತಂತಿ ಸುತ್ತುತ್ತಿದ್ದ ವರ್ಕ್‌ಶಾಪಿನಲ್ಲಿ ಮೆಗ್ಗರ್ ಎಂಬ ಮರದ ಪೆಟ್ಟಿಗೆ ಇತ್ತು. ಹಿಡಿ ತಿರುಗಿಸಿದರೆ ಐನೂರು ವೋಲ್ಟು. ತಂತಿಯ ಹೊದಿಕೆಯಿಂದ ಎಲ್ಲಾದರೂ ಕರೆಂಟು ಸೋರುತ್ತಿದೆಯೇ ಎಂದು ನೋಡುವುದಕ್ಕೆ ಅದು. ಆದರೆ ನಾವು ಹೊಸಬರನ್ನು ನೋಡುವುದಕ್ಕೂ ಬಳಸುತ್ತಿದ್ದೆವು. ಕೆಲಸಕ್ಕೆ ಸೇರಿದ ಮೊದಲ ದಿನ ಎರಡೂ ತಂತಿ ಹಿಡಿದು ಮೂರು ಸುತ್ತು ತಡೆದುಕೊಳ್ಳಬೇಕು, ಆಮೇಲೆ ಎಲ್ಲರಿಗೂ ಚಹಾ. ನಾನೂ ಹಿಡಿದವನೇ. ಮೇಸ್ತ್ರಿಯಾದ ಮೇಲೆ ಹಿಡಿ ನನ್ನ ಕೈಗೆ ಬಂತು.

ಆ ದಿನ ಬಂದವನನ್ನು ಉದ್ದಣ್ಣ ಅಂತ ಕರೆಯುತ್ತಿದ್ದೆವು. ಬೇರೆ ಕಡೆ ಹತ್ತು ವರ್ಷ ದುಡಿದು ಬಂದವನು, ನನ್ನದೇ ವಯಸ್ಸು. ತಂತಿ ಮುಟ್ಟಲು ಒಪ್ಪಲಿಲ್ಲ. “ಇದೆಲ್ಲಾ ಮಕ್ಕಳಾಟ ಮೇಸ್ತ್ರಿ. ಮನೇಲಿ ಹೆಂಡ್ತಿ ಮುಂದೆ ಬಾಲ ಮುದುರ್ಕೊಂಡಿರೋರಿಗೆ ಇಲ್ಲಿ ಗಂಡಸ್ತನ ಬೇಕಾಗುತ್ತೆ” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕಿದ್ದರೆ ಮುಗಿಯುತ್ತಿತ್ತು.

ಮೊಣಕಾಲಿಗೆ ಒದ್ದು ಕೆಡವಿದೆ. ಇಬ್ಬರು ಅದುಮಿ ಹಿಡಿದರು. ಸುರುಳಿ ಕಟ್ಟುವ ಬಟ್ಟೆಪಟ್ಟಿಯಿಂದ ತಂತಿಗಳನ್ನು ಅವನ ಮಣಿಕಟ್ಟಿಗೆ ಬಿಗಿದು, ಕೂತು ತಿರುಗಿಸಿದೆ. ಮೂರಲ್ಲ, ಮೂವತ್ತೂ ಅಲ್ಲ. ಅವನು ನಾಲಿಗೆ ಕಚ್ಚಿಕೊಂಡ, ರಕ್ತ ಗಲ್ಲದಿಂದ ಅಂಗಿಗೆ ಇಳಿಯಿತು, ಉಚ್ಚೆ ಹೊಯ್ದುಕೊಂಡ. ಹಿಡಿದಿದ್ದವರು ಹೆದರಿ ಕೈಬಿಟ್ಟರು, ನಾನು ಬಿಡಲಿಲ್ಲ. ಸತ್ಯ ಹೇಳುತ್ತೇನೆ ಪುಟ್ಟಿ, ನನಗೆ ಹಿತವಾಗಿತ್ತು. ಬಿಡಿಸಿಕೊಂಡು ಎದ್ದವನು ಸ್ಪ್ಯಾನರಿನಿಂದ ನನ್ನ ಎರಡು ಹಲ್ಲು ಉದುರಿಸಿದ. ಸೈಕಲ್ಲಿನಿಂದ ಬಿದ್ದೆ ಎಂದು ನಿನಗೆ ಹೇಳಿದ್ದೆನಲ್ಲ, ಆ ಹಲ್ಲುಗಳು. ಅವನ ಮಟ್ಟಿಗೆ ಅದು ಫುಲ್ ಅಂಡ್ ಫೈನಲ್, ಲೆಕ್ಕ ಚುಕ್ತಾ.

ಊಟದ ಡಬ್ಬಿ ತಂದಿದ್ದ ನಿಮ್ಮಮ್ಮ, ನಿನ್ನನ್ನು ಹೊಟ್ಟೆಯಲ್ಲಿ ಹೊತ್ತು, ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಮಧ್ಯಾಹ್ನವೇ ನೋವು ಶುರುವಾಯಿತು. ಲೆಕ್ಕಕ್ಕಿಂತ ಐದು ವಾರ ಮೊದಲು ನೀನು ಬಂದೆ.

ಮೊನ್ನೆ ಗುರುವಾರ ಅಂಥದೇ ಹೊಸ ಯಂತ್ರ ಕೊಂಡು, ಮೂಲೆ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್ ಹುಡುಗಿಯ ಹತ್ತಿರ ಹೋದೆ. “ಏನಜ್ಜಾ, ಎಷ್ಟು ತಿಂಗಳು?” ಅಂತ ಕೇಳಿದಳು. ಒಂಬತ್ತು ತುಂಬಿತು, ಹಚ್ಚಮ್ಮಾ ಅಂದೆ. ಬೆನ್ನಿಗೆ ಅಂಟಿಸಿದಾಗ ಅಂಗಿ ತೊಯ್ಯುವಷ್ಟು ಬೆವೆತೆ. ಇರುವೆ ಓಡಿದ ಹಾಗಾಯಿತು, ಅಷ್ಟೇ. ಹೆಚ್ಚು ಮಾಡುವ ಗುಂಡಿಯನ್ನು ಅವಳು ನನ್ನ ಕೈಗೇ ಕೊಟ್ಟಳು. ಕೆಲವರಿಗೆ ಇದರಿಂದ ನೋವು ತಗ್ಗುತ್ತದಂತೆ, ಕೆಲವರಿಗೆ ಏನೂ ಆಗುವುದಿಲ್ಲವಂತೆ. ಬೇಡವೆನಿಸಿದ ಕ್ಷಣ ಕಿತ್ತೆಸೆಯಬಹುದು. ನೀರಿಗಿಳಿಯುವಾಗ ಮಾತ್ರ ತೆಗೆಯಲೇಬೇಕು. ಉಳಿದದ್ದು ನಿನ್ನ ಸೂಲಗಿತ್ತಿಯನ್ನು ಕೇಳು.

ನನ್ನನ್ನು ಕೇಳಬೇಡ. ಹಾಕಿಕೋ, ಬಿಡು, ನಿನ್ನ ಬೆನ್ನು. ಆದರೆ ಆ ಗುಂಡಿಯನ್ನು ಬೇರೆ ಯಾರ ಕೈಗೂ ಕೊಡಬೇಡ. ಗಂಡ ಒಳ್ಳೆಯವನು, ಅವನಿಗೂ ಬೇಡ. ಡಬ್ಬಿಯನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಆಸ್ಪತ್ರೆ ಹತ್ತಿರ ನಾನು ಬರುವುದಿಲ್ಲ.

ಇಂತು, ಹಾಗೆ ಬರೆದುಕೊಳ್ಳಲು ನಿನ್ನ ಅಪ್ಪಣೆ ಇದ್ದರೆ,
ನಿನ್ನ ಅಪ್ಪ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ನಿಮ್ಮಮ್ಮ ಬಾಗಿಲಲ್ಲಿ ನಿಂತು ನೋಡಲಿಲ್ಲ. ಊಟದ ಡಬ್ಬಿ ಎಸೆದು ಓಡಿಬಂದು, ಉದ್ದಣ್ಣನ ಕೈಯಿಂದ ತಂತಿಗಳನ್ನು ಕಿತ್ತು ಹಿಡಿದಳು, ತನ್ನ ಒಂದೊಂದು ಕೈಯಲ್ಲಿ ಒಂದೊಂದು. ನಾನು ತಲೆ ತಗ್ಗಿಸಿಕೊಂಡು ತಿರುಗಿಸುತ್ತಲೇ ಇದ್ದೆ. ಎಷ್ಟು ಸುತ್ತು ಅಂತ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಮೆಟ್ಟಿಲಿಂದ ಜಾರಿದಳು ಎಂದು ಬರೆಸಿದೆ. ನೋವಿನಲ್ಲಿ ಅವಳು “ಸಾಕು, ತಿರುಗಿಸಬೇಡ” ಎಂದು ಕಿರುಚುತ್ತಿದ್ದಳು. ನರ್ಸ್ ಹೊರಗೆ ಬಂದು, ಏನನ್ನು ತಿರುಗಿಸಬೇಡ ಅಂತಾರೆ ಇವರು ಎಂದು ನನ್ನನ್ನು ಕೇಳಿದಳು. ಗೊತ್ತಿಲ್ಲ ಅಂದೆ.