ಕೌಂಟರಿನ ಹಿಂದಿನ ಅಣ್ಣ

ಜುಲೈ 3
ಇವತ್ತೂ ರೆಕಾರ್ಡಿಂಗ್. ಲಂಚಕ್ಕೆ ಒಲ್ಲೆ ಅನ್ನುವುದನ್ನು ಕಾಲೇಜು ಮಕ್ಕಳಿಗೆ ಕಲಿಸುವ ಆ್ಯಪ್. ಗುಮಾಸ್ತ ಕೇಳುತ್ತಾನೆ, ಕೊಡುವುದೋ ಬಿಡುವುದೋ ಅವರೇ ಒತ್ತಬೇಕು. ಗುಮಾಸ್ತನ ದನಿಗೆ ಅಣ್ಣನನ್ನೇ ಕೂರಿಸಿದ್ದೇನೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಕೂತು ಯಾರಿಂದಲೂ ಒಂದು ಲೋಟ ಟೀ ಮುಟ್ಟದವನು. "ಫೈಲಿಗೇನು ಕಾಲಿದ್ಯಾ ಮರಿ? ಕೈ ಬಿಸಿ ಮಾಡಿದ್ರೆ ತಾನೇ ನಡೆಯೋದು" ಎಂದು ರಾಗ ಎಳೆದ ನೋಡಿ...
ಅತ್ತಿಗೆ ಬಿದ್ದು ಬಿದ್ದು ನಕ್ಕರು. "ರೀ, ಈ ಬುದ್ಧಿ ಇಷ್ಟು ದಿನ ಎಲ್ಲಿತ್ತು? ಒಂದು ಮನೆನಾದ್ರೂ ಕಟ್ಟಬಹುದಿತ್ತು!"

ಜುಲೈ 29
ನನ್ನ ಕ್ಲಾಸಿನಲ್ಲಿ ಅಣ್ಣನದೇ ಹವಾ. 'ಲಂಚಮಾಮ' ಅಂತ ಹೆಸರಿಟ್ಟಿದ್ದಾರೆ. ಅಣ್ಣನಿಗೆ ಹೇಳಿದೆ.
"ಬಿಡೋ, ರಿಟೈರ್ ಆದ್ಮೇಲಾದ್ರೂ ಪ್ರಮೋಷನ್ ಸಿಕ್ತು."

ಆಗಸ್ಟ್ 21
ಅಣ್ಣ ಹೋದ. ಎದೆನೋವು — ಆಸ್ಪತ್ರೆ ಬಾಗಿಲಲ್ಲೇ. ಇಷ್ಟು ದಿನ ಬರೆಯಲಾಗಲಿಲ್ಲ.
ಅಂತ್ಯಕ್ರಿಯೆಗೆ ಬಂದಿದ್ದ ನನ್ನ ವಿದ್ಯಾರ್ಥಿಯೊಬ್ಬ ಪಿಸುಗುಟ್ಟಿದ, "ಲಂಚಮಾಮ ಇವ್ರೇನಾ?" ಅಣ್ಣನ ಮಗಳ ಕಿವಿಗೆ ಬಿತ್ತು. ಇವತ್ತು ಬಂದಳು.
"ಚಿಕ್ಕಪ್ಪ, ಅಪ್ಪನ ದನಿ ತೆಗೆದುಬಿಡಿ. ಜನ್ಮದಲ್ಲಿ ಕೈಚಾಚದವ್ರು. ಈಗ ದಿನಾ ಕಂಡಕಂಡವರ ಮುಂದೆ ಚಾಚ್ತಿದ್ದಾರೆ."
ಆಗಲಿ ಅಂದೆ.

ಸೆಪ್ಟೆಂಬರ್ 2
ಬೇರೆಯವರ ದನಿ ಸಿದ್ಧ. ಒಂದು ಕಡೆ ಬದಲಿಸಿದರೆ ಎಲ್ಲರ ಫೋನಿನಲ್ಲೂ ಬದಲಾಗುತ್ತದೆ. ಮೊದಲು ಫಲಿತಾಂಶ ನೋಡಿದೆ. ಮಕ್ಕಳೆಲ್ಲ ಒಲ್ಲೆ ಅನ್ನುತ್ತಿದ್ದಾರೆ, ಸಂತೋಷ. ಒಂದು ಫೋನು ಮಾತ್ರ ದಿನಾ ಬೆಳಿಗ್ಗೆ ಲಂಚ ಕೊಡುತ್ತಿದೆ! ಯಾವ ದಡ್ಡ ಶಿಖಾಮಣಿ ಎಂದು ನಂಬರ್ ನೋಡಿದರೆ — ಅತ್ತಿಗೆ.

ಸೆಪ್ಟೆಂಬರ್ 3
ಹೋದೆ. ಸೊಪ್ಪು ಬಿಡಿಸುತ್ತಿದ್ದರು. ಕೇಳಿದೆ. ತಲೆ ಎತ್ತಲಿಲ್ಲ.
"ಕೊಡಲ್ಲ ಅಂದ್ರೆ ರೇಗ್ತಾರೆ ಕಣಪ್ಪ. ಕೊಟ್ರೆ..."
ಗೊತ್ತು. ಕೊಟ್ಟರೆ, "ಬಿಸಿಲಲ್ಲಿ ಬಂದಿದ್ದೀಯ, ಕೂತ್ಕೊಳ್ಳಮ್ಮ, ನೀರು ಕುಡಿ" ಅನ್ನುತ್ತಾನೆ. ನಾನೇ ಬರೆದುಕೊಟ್ಟ ಸಾಲು. ಸವಿಮಾತಿಗೆ ಮಕ್ಕಳು ಮರುಳಾಗದಿರಲಿ ಎಂದು.
"ಆ ಮಾತೊಂದನ್ನ ಬೇರೆಯಾಗಿ ಹಾಕಿಕೊಡ್ತೀನಿ ಅತ್ತಿಗೆ."
"ಬೇಡ. ನಾನು ಕೊಟ್ಟ ಮೇಲೆ ಅವ್ರು ಅಂದ್ರೇನೇ, ನನಗೆ ಅಂದ ಹಾಗಿರುತ್ತೆ." ಸೊಪ್ಪು ಪಕ್ಕಕ್ಕಿಟ್ಟರು. "ಮಗಳು ಹೇಳೋದೂ ಸರಿ. ನೀನು ತೆಗಿ. ನನ್ನ ಕೇಳಬೇಡ."

ಸೆಪ್ಟೆಂಬರ್ 4
ಬೆಳಿಗ್ಗೆ ತೆಗೆದೆ. ಅಣ್ಣನ ಮಗಳಿಗೆ ತಿಳಿಸಿದೆ. ನಿರಾಳವಾಗಿ ಉಸಿರು ಬಿಟ್ಟಳು.
ಫಲಿತಾಂಶ ತೆರೆದಿಟ್ಟು ಮೇಜಿನ ಮುಂದೆಯೇ ಕೂತಿದ್ದೇನೆ. ಅತ್ತಿಗೆಯ ಫೋನು ಲಂಚ ಕೊಟ್ಟಿತು — ಹೊಸ ಗುಮಾಸ್ತನಿಗೆ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಕೊಟ್ಟಿತು. ಈಗ ಮತ್ತೊಮ್ಮೆ. ಮತ್ತೆ —