ಗೇಟಿನ ತನಕ

ಮನೆಯಿಂದ,
ಮಾರ್ಚ್ ೨೩, ಭಾನುವಾರ ಮಧ್ಯಾಹ್ನ

ಪ್ರೀತಿಯ ತರಲೆ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ ಯಾವುದೋ ಕಟ್ಟಡದ ಲಿಫ್ಟಿನ ನೆತ್ತಿಯ ಮೇಲೆ ಕೂತು ಬಿಸ್ಕತ್ತು ತಿಂದು ದಿನ ದೂಡುತ್ತೀಯಾ? ಎಡ ಭುಜದ ನೋವು ಕಡಿಮೆಯಾಯಿತೇ? ಎಣ್ಣೆ ಹಚ್ಚಿಕೋ ಎಂದರೆ ನೀನು ಹಚ್ಚಿಕೊಳ್ಳುವ ಪೈಕಿಯಲ್ಲ, ಆದರೂ ಹೇಳಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜು ಹಾಕಿದರೆ ಓದಿದ ಗುರುತೂ ಬರುವುದಿಲ್ಲ. ಅದಕ್ಕೇ ಈ ಕಾಗದ. ಕಾಗದಕ್ಕೆ ಕೆಂಪು ಗುಂಡಿ ಇರುವುದಿಲ್ಲ ನೋಡು, ಹರಿದು ಹಾಕುವುದಕ್ಕಾದರೂ ಒಮ್ಮೆ ಕೈಗೆ ತೆಗೆದುಕೊಳ್ಳಬೇಕು. ನಿನ್ನ ಜೊತೆ ಕೆಲಸ ಮಾಡುವ ಆ ಉದ್ದನೆಯ ಮೆಕ್ಯಾನಿಕ್ ಮೊನ್ನೆ ದಾರಿಯಲ್ಲಿ ಸಿಕ್ಕಿದ್ದ. ನೀನು ಅವನ ರೂಮಿನಲ್ಲೇ ಇದ್ದೀಯ ಎಂದು ಬಾಯಿಬಿಟ್ಟ. ಅವನ ಮೇಲೆ ಸಿಟ್ಟಾಗಬೇಡ, ನಾನು ದಾರಿಗೆ ಅಡ್ಡ ನಿಂತು ಕೇಳಿದೆ. ಈ ಕಾಗದವನ್ನೂ ಜೊತೆಗಿರುವ ಪೊಟ್ಟಣವನ್ನೂ ನಿನ್ನ ಕೈಗೇ ಕೊಡುವುದಾಗಿ ಒಪ್ಪಿದ್ದಾನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ, ಹಾಗಾಗಿ ಚೆನ್ನಾಗಿದ್ದೇವೆ. ಅಮ್ಮ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾಳೆ. ನಿನ್ನ ಭಾವ ಎಂದಿನಂತೆ ಮಹಡಿಯ ಮೂಲೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪನಿಯ ಗ್ರಾಹಕರಿಗೆ ದಿನವಿಡೀ "ಕ್ಷಮಿಸಿ, ಕ್ಷಮಿಸಿ" ಎನ್ನುತ್ತಾರೆ. ಸಂಬಳಕ್ಕೆ ಅಷ್ಟು ಸಲ ಕ್ಷಮೆ ಕೇಳುವ ಮನುಷ್ಯ ಮನೆಯಲ್ಲಿ ಲೋಟ ಒಡೆದರೂ ಬಾಯಿ ಬಿಡುವುದಿಲ್ಲ. ನನ್ನ ಮಗಳು ಗಿಟಾರ್ ಕಲಿಯುತ್ತಲೇ ಇದ್ದಾಳೆ, ನಾವು ಸಹಿಸುತ್ತಲೇ ಇದ್ದೇವೆ. ನಾನು ಪ್ರೆಸ್ಸಿನವರು ಕಳಿಸುವ ಪುಟಗಳಲ್ಲಿ ತಪ್ಪು ಹುಡುಕುತ್ತೇನೆ, ತಿದ್ದಿ ವಾಪಸು ಕಳಿಸುತ್ತೇನೆ. ಅಪ್ಪ ಹೋಗಿ ಚಳಿ ಕಳೆದು ಸೆಕೆ ಬಂತು. ಕಂಡವರೆಲ್ಲ "ಈಗ ಹೇಗಿದ್ದೀರಿ?" ಎಂದು ಕೇಳುತ್ತಾರೆ. ಏನು ಹೇಳಲಿ? ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿದ ಹಾಗಿದೆ. ಕಾಲು ಇದೆ ಎಂದು ಗೊತ್ತು, ಚಿವುಟಿದರೆ ತಿಳಿಯುವುದಿಲ್ಲ. ನಗು ಬಂದರೆ ನಗುತ್ತೇನೆ, ಆಮೇಲೆ ನಕ್ಕದ್ದು ಯಾರು ಅನ್ನಿಸುತ್ತದೆ.

ಸುದ್ದಿ ಏನೆಂದರೆ, ನಮ್ಮ ರೂಟರ್ ಸತ್ತುಹೋಯಿತು. ಇದೊಂದು ಸುದ್ದಿಯೇ ಎಂದು ಮೂಗು ಮುರಿಯಬೇಡ. ಈ ಮನೆಯೊಳಗೂ ಗೇಟಿನ ತನಕವೂ ಮೊಬೈಲಿನ ಸಿಗ್ನಲ್ ಸಿಗುವುದಿಲ್ಲ, ಕರೆ ಬರುವುದೂ ಹೋಗುವುದೂ ಅದೇ ವೈಫೈ ಮೇಲೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಏಣಿ ಹತ್ತಿ ತಂತಿ ಎಳೆದವನು ನೀನು. ನಡುಮನೆಯ ಗೂಡಿನಲ್ಲಿ ಅದನ್ನು ಕೂರಿಸಿದವನೂ ನೀನು. ಹೊರಗಿನಿಂದ ಬಂದವರಿಗೆಲ್ಲ ಅಮ್ಮ ಹೇಳುವ ಮಾತನ್ನೇ ಅದಕ್ಕೆ ಹೆಸರಾಗಿ ಇಟ್ಟು, ನೆಂಟರ ಫೋನಿನಲ್ಲೆಲ್ಲ "ಕೈಕಾಲು ತೊಳ್ಕೊಂಡು ಬಾ" ಎಂದು ಕಾಣಿಸುವ ಹಾಗೆ ಮಾಡಿ ನಗಿಸಿದವನೂ ನೀನೇ. ಅದು ನಿಂತ ದಿನ ಮಹಡಿಯ ಮೇಲಿನ ಕ್ಷಮೆಗಳು ನಿಂತವು, ಗಿಟಾರ್ ನಿಂತಿತು, ನನ್ನ ಪುಟಗಳು ನಿಂತವು. ಮನೆ ಅಷ್ಟು ಸುಮ್ಮನಾದದ್ದು ಅಪ್ಪನನ್ನು ಕರೆದುಕೊಂಡು ಹೋದ ದಿನ ಬಿಟ್ಟರೆ ಅದೇ ಮೊದಲು.

ಯಾಕೆ ಸತ್ತಿತು ಎಂದು ಹೇಳಬೇಕು. ನಿನಗೆ ಹೇಳಲು ಕಷ್ಟ, ಆದರೂ ಹೇಳುತ್ತೇನೆ. ಅಪ್ಪನ ಕೈ ನಿನಗೆ ಗೊತ್ತಲ್ಲ, ಜೀವಮಾನವೆಲ್ಲ ಬಸ್ಸು ಲಾರಿಗಳ ಸೀಟಿಗೆ ರೆಕ್ಸಿನ್ ಹೊಲಿದ ಕೈ. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಒಂದು ಹೊದಿಕೆ ಹಾಕದಿದ್ದರೆ ನಿದ್ದೆ ಬಾರದು. ಮಿಕ್ಸಿಗೆ ಒಂದು, ಟೀವಿಗೆ ಒಂದು, ಟೀವಿಯ ರಿಮೋಟಿಗೆ ಒಂದು. ನನ್ನ ಮದುವೆಯಲ್ಲಿ ಕೊಟ್ಟ ಪೆಟ್ಟಿಗೆಗೂ ಕವರು ಹೊಲಿದು, ಆ ಕವರು ಕೊಳೆಯಾಗಬಾರದೆಂದು ಮೇಲೊಂದು ಬಟ್ಟೆ ಹೊದಿಸಿ ಕಳಿಸಿದವರು. ರೂಟರಿಗೂ ಕಂದು ಬಣ್ಣದ ರೆಕ್ಸಿನ್ನಿನಲ್ಲಿ ಒಳ್ಳೆ ಅಂಗಿಯ ಹಾಗೆ ಒಂದು ಕವರು ಹೊಲಿದರು, ಎರಡು ಆಂಟೆನಾ ಹೊರಗೆ ಬರಲು ಮೇಲೆರಡು ತೂತು, ಹಿಂದೆ ಜಿಪ್ಪು. ಅದನ್ನು ತೊಡಿಸಿದ ಸಂಜೆ ನೀನು ಎಂದಿನಂತೆ ಮನೆಯ ಗಲಾಟೆ ತಾಳದೆ ಗೇಟಿನ ಹತ್ತಿರ ಬೈಕಿನ ಮೇಲೆ ಕೂತು ಲಿಫ್ಟ್ ರಿಪೇರಿಯ ಕರೆಗಳಿಗೆ ಉತ್ತರಿಸುತ್ತಿದ್ದೆ. ಯಾವುದೋ ಲಿಫ್ಟಿನಲ್ಲಿ ಒಬ್ಬ ತುಂಬು ಬಸುರಿ ಸಿಕ್ಕಿಕೊಂಡಿದ್ದಳು. ಅವಳು ಮಾತಾಡುತ್ತಿದ್ದ ಹಾಗೇ ಲೈನ್ ಕಡಿಯಿತು, ಮತ್ತೆ ಸಿಕ್ಕಿ ಮತ್ತೆ ಕಡಿಯಿತು. ನೀನು ಒಳಗೆ ನುಗ್ಗಿ ಕವರು ಕಂಡೆ. ಮುಟ್ಟಿದರೆ ಕೆಂಡ. "ನಿನ್ನ ಕೈಗೆ ಸಿಕ್ಕಿದ್ದೆಲ್ಲಾ ಉಸಿರುಕಟ್ಟಿ ಸಾಯುತ್ತೆ ಅಪ್ಪಾ!" ಎಂದು ಕೂಗಿ ಹೆಲ್ಮೆಟ್ ಎತ್ತಿಕೊಂಡು ಓಡಿದೆ. ಆ ಹೆಂಗಸು ಕ್ಷೇಮವಾಗಿ ಹೊರಗೆ ಬಂದಳು. ಅಪ್ಪ ಎದ್ದು ಹೊಲಿಗೆ ಕೋಣೆಗೆ ಹೋದರು. ಅವರು ಯಾವತ್ತು ಬಾಯಲ್ಲಿ ಉತ್ತರ ಕೊಟ್ಟಿದ್ದಾರೆ?

ಮುಂದಿನದು ನಿನಗೆ ಗೊತ್ತಿರುವುದೇ. ಕೆಲವೇ ವಾರಗಳಲ್ಲಿ ಅಪ್ಪ ಉಸಿರು ಸಿಕ್ಕದೆ ಆಸ್ಪತ್ರೆ ಸೇರಿದರು, ತಿರುಗಿ ಬರಲಿಲ್ಲ. ಫೋಮಿನ ಧೂಳು, ಅಂಟಿನ ಘಾಟು ಕುಡಿದು ಕುಡಿದು ಆ ಶ್ವಾಸಕೋಶ ಎಷ್ಟೋ ವರ್ಷದ ಹಿಂದೆಯೇ ಸೋತಿತ್ತು ಎಂದು ಡಾಕ್ಟರು ನನಗೆ ಹೇಳಿದರು. ನಿನಗೂ ಹೇಳಿದರು. ನೀನು ಅವರ ಬಾಯಿ ನೋಡುತ್ತಿದ್ದೆ, ಮಾತು ಕಿವಿಗೆ ಬೀಳಲಿಲ್ಲ. ಅದರ ಮೇಲೆ ವಾರ್ಡಿನ ಹೊರಗೆ ಅಮ್ಮ ಒಂದೇ ಒಂದು ಮಾತು ಅಂದಳು, "ನೀನು ಆ ಮಾತು ಆಡಬಾರದಿತ್ತು ಕಣೋ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ವಾರ ಈ ಮನೆಯಲ್ಲಿ ಇಬ್ಬರ ಮಾತು ಹೋಯಿತು, ನಿನ್ನದೂ ಅವಳದೂ. ಅಪ್ಪನ ಕ್ರಿಯೆಗಳೆಲ್ಲ ಮುಗಿದ ಸಂಜೆಯೇ ನೀನು ಬ್ಯಾಗು ಹೆಗಲಿಗೆ ಹಾಕಿದೆ. ತಡೆಯಲು ಯಾರೂ ಏಳಲಿಲ್ಲ. ಏಳುವ ಶಕ್ತಿ ಯಾರಿಗೂ ಇರಲಿಲ್ಲ ಎಂದೇ ತಿಳಿದುಕೋ.

ನೀನು ಹೋದ ಮೇಲೆ ಆ ಕವರು ರೂಟರಿನ ಮೇಲೇ ಉಳಿಯಿತು. ತೆಗೆಯಬೇಕೆಂದು ಎಲ್ಲರಿಗೂ ಗೊತ್ತಿತ್ತು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಮ್ಮ ದಿನಾ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದಳು. ಸೆಕೆ ಏರಿತು, ಒಂದು ಬೆಳಿಗ್ಗೆ ಸುಟ್ಟ ವಾಸನೆ. ನಿನ್ನ ಭಾವ ಜಿಪ್ಪು ಎಳೆದರೆ ಬುಡದ ಪ್ಲಾಸ್ಟಿಕ್ಕು ರೆಕ್ಸಿನ್ನಿಗೆ ಅಂಟಿಕೊಂಡಿತ್ತು. ಅಮ್ಮ ಬಗ್ಗಿ ನೋಡಿ, "ಅವನು ಹೇಳಿದ್ದು ಸರಿ ಇತ್ತು" ಅಂದಳು. ಅಷ್ಟೇ. ಅಳಲಿಲ್ಲ. ಆಮೇಲೆ ಕತ್ತರಿಸಿ ಬಿಡಿಸೋಣ ಎಂದು ಅಪ್ಪನ ದೊಡ್ಡ ಕತ್ತರಿ ತರಲು ಹೊಲಿಗೆ ಕೋಣೆಗೆ ಹೋದಳು. ಅಪ್ಪ ಹೋದ ಮೇಲೆ ಆ ಬಾಗಿಲು ತೆಗೆದದ್ದು ಅಂದೇ. ಬಹಳ ಹೊತ್ತಾದರೂ ಬರಲಿಲ್ಲವೆಂದು ನಾನು ಹೋದೆ. ಯಂತ್ರದ ಸೂಜಿಯ ಕೆಳಗೆ ಇನ್ನೊಂದು ಕವರು ಇತ್ತು ಕಣೋ, ದಾರ ಕತ್ತರಿಸದೆ ಹಾಗೇ. ಅದೇ ಅಳತೆ, ಅದೇ ಬಣ್ಣ. ಆದರೆ ಅಪ್ಪ ಎರಡೂ ಪಕ್ಕಕ್ಕೆ ಸಾಲಾಗಿ ಹಿತ್ತಾಳೆ ಉಂಗುರ ಹೊಡೆದಿದ್ದರು, ಟಾರ್ಪಾಲಿನ ಅಂಚಿಗೆ ಹಗ್ಗ ಪೋಣಿಸಲು ಹೊಡೆಯುತ್ತಿದ್ದರಲ್ಲ, ಅವೇ. ಗಾಳಿಯಾಡಲಿ ಎಂದು. ಬುಡಕ್ಕೂ ನಾಲ್ಕು ರಬ್ಬರ್ ಕಾಲು. ನಿನ್ನ ಮಾತು ಅವರಿಗೆ ಚುಚ್ಚಿರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ, ಚುಚ್ಚಿತ್ತೋ ಏನೋ. ಆದರೆ ಕೇಳಿಸಿಕೊಂಡಿದ್ದರು. ನಮ್ಮ ಮಾತು ಕೇಳಿ ಆ ಮನುಷ್ಯ ಹೊಲಿದದ್ದನ್ನು ಎಂದಾದರೂ ತಿದ್ದಿದ್ದು ನೆನಪಿದೆಯೇ? ನನಗಂತೂ ಇಲ್ಲ.

ಇನ್ನು ಹೊಸ ರೂಟರ್ ಆರಿಸಿದ ಕಥೆ. ಮನೆಮಂದಿಯೆಲ್ಲ ಅಂಗಡಿಗೆ ಹೋದೆವು, ತಲೆಗೊಂದು ಮಾತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ಭಾವನಿಗೆ ಮಾತು ಕಡಿಯದಿದ್ದರೆ ಸಾಕು, ಮಗಳಿಗೆ ವೇಗ ಬೇಕು, ನನಗೆ ಬೇಗ ಮನೆ ಸೇರಿದರೆ ಸಾಕಾಗಿತ್ತು. ಅಂಗಡಿಯ ಹೆಂಗಸು ಒಳ್ಳೆ ವಾಚಾಳಿ. ಎಷ್ಟು ಫೋನು, ಎಷ್ಟು ಕಂಪ್ಯೂಟರು, ಎಷ್ಟು ಮಹಡಿ, ಗೋಡೆ ಎಷ್ಟು ದಪ್ಪ ಎಂದು ಹೆಣ್ಣು ನೋಡಲು ಬಂದವರ ಹಾಗೆ ವಿಚಾರಿಸಿದಳು. ವೈಫೈ ಸಿಗ್ನಲ್ಲಿಗೆ ಎರಡು ದಾರಿ ಇರುತ್ತವಂತೆ. ದೂರ ಹೋಗುವುದು ನಿಧಾನ, ವೇಗದ್ದು ಗೋಡೆ ಕಂಡರೆ ಸೋಲುತ್ತದೆ. ನಮ್ಮ ಮನೆಯ ಗಂಡಸರ ಬಗ್ಗೆಯೇ ಹೇಳುತ್ತಿದ್ದಾಳೆ ಅನ್ನಿಸಿತು. ಎತ್ತರದಲ್ಲಿಡಿ, ನಡುಮನೆಯಲ್ಲಿಡಿ, ದಯವಿಟ್ಟು ಏನನ್ನೂ ಹೊದಿಸಬೇಡಿ ಎಂದೂ ಹೇಳಿದಳು. ಅವಳು ಹಾಗೆನ್ನುವುದಕ್ಕೂ ಅಮ್ಮ ಚೀಲದಿಂದ ಅಪ್ಪನ ಉಂಗುರದ ಕವರು ತೆಗೆದು ಮೇಜಿನ ಮೇಲೆ ಇಡುವುದಕ್ಕೂ ಸರಿಹೋಯಿತು. "ಇದಕ್ಕೆ ಹಿಡಿಸೋದು ಕೊಡಮ್ಮ" ಅಂದಳು. ಅಂಗಿಗೆ ತಕ್ಕ ಮಗುವನ್ನು ಕೊಡಿ ಎಂದ ಹಾಗಾಯಿತು. ಮಗಳು ನಾಚಿಕೆಯಿಂದ ನನ್ನ ಬೆನ್ನ ಹಿಂದೆ ಸೇರಿಕೊಂಡಳು. ಅಂಗಡಿಯವಳು ಮೊದಲು ನಕ್ಕಳು, ಅಮ್ಮನ ಮುಖ ನೋಡಿ ನಗು ನಿಲ್ಲಿಸಿ ಒಂದೊಂದೇ ಪೆಟ್ಟಿಗೆ ಬಿಚ್ಚಿ ಅಳತೆ ಹಿಡಿದಳು. ಎರಡು ಆಂಟೆನಾದ ಒಂದು ಚಿಕ್ಕದು ಹೇಳಿ ಮಾಡಿಸಿದ ಹಾಗೆ ಒಳಗೆ ಕೂತಿತು. ಜಿಪ್ಪು ಎಳೆದರೆ ಒಂದು ಸುಕ್ಕಿಲ್ಲ. ಗಾಳಿಯಾಡುತ್ತದೆ, ಇದಾದರೆ ಪರವಾಗಿಲ್ಲ ಎಂದು ಅಂಗಡಿಯವಳೂ ಒಪ್ಪಿದಳು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಮುಗಿಯಿತು, ಇದೇ ಮನೆಗೆ ಬರುವುದು ಎಂದುಕೊಂಡೆ.

ಆಗ ಅಮ್ಮ ಒಂದೇ ಪ್ರಶ್ನೆ ಕೇಳಿದಳು, "ಇದು ಗೇಟಿನ ತನಕ ಬರುತ್ತಾ?" ಅಂಗಡಿಯವಳು ಅಂಗಳದ ಉದ್ದ ಕೇಳಿ, ನಡುವೆ ಹೊಲಿಗೆ ಕೋಣೆಯ ಗೋಡೆಯೂ ಇದೆ ಎಂದಾಗ ತಲೆಯಾಡಿಸಿ, "ಇದು ಬಾಗಿಲ ತನಕ ಅಷ್ಟೇ. ಗೇಟಿಗೆ ಬೇಕಾದ್ರೆ ಇದು" ಎಂದು ನಾಲ್ಕು ಕೊಂಬಿನ ಒಂದು ಕರಿ ರಾಕ್ಷಸನನ್ನು ತೋರಿಸಿದಳು. ಅದು ಅಪ್ಪನ ಕವರಿನೊಳಗೆ ಅರ್ಧವೂ ಹೋಗುವುದಿಲ್ಲ. "ಗೇಟಿನ ಹತ್ತಿರ ಈಗ ಯಾರು ಕೂರ್ತಾರಮ್ಮಾ?" ಎಂದೆ. ಅಮ್ಮ ಜಿಪ್ಪು ಬಿಚ್ಚಿ ಚಿಕ್ಕದನ್ನು ಅಂಗಡಿಯವಳಿಗೆ ವಾಪಸು ಕೊಟ್ಟಳು, ಕವರು ಮಡಚಿ ಚೀಲಕ್ಕೆ ಹಾಕಿಕೊಂಡಳು, "ದೊಡ್ಡದೇ ಕೊಡಿ" ಅಂದಳು. ಆರಿಸಿದ್ದು ಅವಳೇ, ನಮ್ಮಲ್ಲಿ ಯಾರೂ ಅಲ್ಲ.

ಮನೆಗೆ ತಂದು ಗೂಡಿನಲ್ಲಿ ಕೂರಿಸಿದೆವು. ಭಾವ ಹೊಸ ಹೆಸರು ಇಡಲು ಹೊರಟರೆ ಅಮ್ಮ ಪಕ್ಕದಲ್ಲೇ ನಿಂತು, "ಹೆಸರು ಮುಟ್ಟಬೇಡಿ, ಪಾಸ್‌ವರ್ಡೂ ಹಳೇದೇ ಇರಲಿ" ಎಂದಳು. ಅಪ್ಪ ಇದ್ದ ಕಾಲದ್ದು ಉಳಿಯಲಿ ಎಂಬ ಆಸೆ ಇರಬೇಕು ಎಂದುಕೊಂಡು ಸುಮ್ಮನಾದೆ. ಈಗ ಎಲ್ಲ ಸರಿಯಾಗಿ ನಡೆಯುತ್ತಿದೆ. ಮಹಡಿಯಿಂದ ಕ್ಷಮೆ ಕೇಳಿಸುತ್ತಿದೆ, ಗಿಟಾರ್ ಕೇಳಿಸುತ್ತಿದೆ. ಖುಷಿಯಾಯಿತೇ ಎಂದರೆ ಗೊತ್ತಿಲ್ಲ. ಆ ಕೊಂಬುಗಳ ಮೇಲೆ ಏನೂ ಹೊದಿಸಿಲ್ಲ, ಮನೆಯಲ್ಲಿ ಬರಿ ಮೈಯಲ್ಲಿರುವ ವಸ್ತು ಅದೊಂದೇ. ನೋಡಿದಾಗಲೆಲ್ಲ ಅಪ್ಪ ಇಲ್ಲ ಎಂದು ಗೊತ್ತಾಗುತ್ತದೆ. ಬೇರೆ ಯಾವುದರಿಂದಲೂ ಅಷ್ಟು ಗೊತ್ತಾಗಿರಲಿಲ್ಲ.

ಪೊಟ್ಟಣದಲ್ಲಿರುವುದು ಉಂಗುರದ ಕವರು. ಕಳಿಸು ಎಂದವಳು ಅಮ್ಮ. ಸೂಜಿಯಿಂದ ಬಿಡಿಸಿದಾಗ ಉಳಿದ ದಾರವನ್ನು ಕತ್ತರಿಸಿಲ್ಲ, ನೀನೂ ಕತ್ತರಿಸಬೇಡ. ಉಂಗುರಗಳ ಮೇಲೆ ಬೆರಳಾಡಿಸಿ ನೋಡು, ಅಪ್ಪ ನಿನಗೆ ಕೊಟ್ಟ ಉತ್ತರ ಅದು. ಬಾ ಎಂದು ಬಲವಂತ ಮಾಡುವುದಿಲ್ಲ, ಬಲವಂತ ಮಾಡಿದರೆ ನೀನು ಇನ್ನೂ ಒಂದು ಊರು ಆಚೆ ಹೋಗುವವನು. ಬಂದರೆ ನನಗೆ ಬೇಕು. ಅಷ್ಟನ್ನು ನೇರವಾಗಿ ಹೇಳಿಬಿಡುತ್ತೇನೆ.

ಭುಜಕ್ಕೆ ಎಣ್ಣೆ ಹಚ್ಚಿಕೋ. ಲಿಫ್ಟಿನ ಗುಂಡಿಗೆ ಇಳಿಯುವ ಮುಂಚೆ ಕರೆಂಟು ತೆಗೆದಿದೆಯೇ ಎಂದು ಎರಡು ಸಲ ನೋಡು. ನಿನ್ನ ಭಾವನ ನೆನಪುಗಳು, ಸೊಸೆಯ ಮುತ್ತು. ನೂರು ಕಾಲ ಬಾಳು, ಬೈದುಕೊಂಡಾದರೂ ಬಾಳು.

ನಿನ್ನ ಅಕ್ಕ

ಮರೆತ ಮಾತು: ಕಾಗದದ ಲಕೋಟೆಯ ಬಾಯಿ ಅಂಟಿಸುವಾಗ ಅಮ್ಮ ಬಂದು ಪಕ್ಕದಲ್ಲಿ ಕೂತಳು, ಈಗಷ್ಟೇ ಹೇಳಿದಳು, ಅವಸರದಲ್ಲಿ ಬರೆಯುತ್ತಿದ್ದೇನೆ. ರೂಟರ್ ಸುಟ್ಟ ಮಾರನೆಯ ಸಂಜೆ ನೀನು ಗೇಟಿನ ಹತ್ತಿರ ಬಂದಿದ್ದೆಯಂತೆ. ಅವಳು ಕಿಟಕಿಯಿಂದ ನೋಡಿದಳಂತೆ. ಬೈಕು ನಿಲ್ಲಿಸಿ ಫೋನ್ ತೆಗೆದು ನೋಡಿದೆ, ಕಾದೆ, ಮತ್ತೆ ನೋಡಿದೆ, ಹೊರಟುಹೋದೆ. ಕೂಗಲು ಅವಳಿಗೆ ಬಾಯಿ ಬರಲಿಲ್ಲವಂತೆ. ನಾವು ಪಾಸ್‌ವರ್ಡ್ ಬದಲಾಯಿಸಿಬಿಟ್ಟೆವು ಅಂದುಕೊಂಡೆಯಾ? ಇಲ್ಲ ಕಣೋ ಪೆದ್ದಾ, ಅದು ಸತ್ತಿತ್ತು. ಈಗ ಹೆಸರೂ ಅದೇ, ಪಾಸ್‌ವರ್ಡೂ ಅದೇ. ಮಗಳನ್ನು ಕಳಿಸಿ ನೋಡಿಸಿದ್ದೇನೆ, ಗೇಟು ದಾಟಿ ಆಚೆ ಮರದ ತನಕ ಬರುತ್ತದೆ. ನಿನ್ನ ಫೋನು ಯಾರನ್ನೂ ಕೇಳದೆ ತಾನೇ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳದಿದ್ದರೆ ಒಳಗೆ ಬಂದು ಬೈ.